ರಜೆಯಲ್ಲಿ ಎಣಿಸಿದ ಗಿರಾಕಿಗಳು

ಹಾಸ್ಟೆಲ್, ಎರಡನೇ ಮಹಡಿ, ಕೋಣೆ ೨೧೪
ಭಾನುವಾರ, ೧೨ ಅಕ್ಟೋಬರ್, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಮೊದಲು ಕ್ಷಮಿಸಿಬಿಡು. ಮೊನ್ನೆಯಷ್ಟೇ ಫೋನಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿ ಈಗ ಕಾಗದ ಬರೆಯುತ್ತಿದ್ದೇನೆ ಎಂದರೆ ಇವಳಿಗೇನು ತಲೆ ಕೆಟ್ಟಿದೆಯಾ ಅಂತ ನಿನಗೆ ಅನಿಸಬಹುದು. ಏನು ಮಾಡಲಿ, ಫೋನಿನಲ್ಲಿ ನಾನು ಮುಖ್ಯ ವಿಷಯಕ್ಕೆ ಬರುವಷ್ಟರಲ್ಲಿ ನೀನು ‘ಸರಿ, ಊಟ ಆಯ್ತಾ?’ ಅಂತೀಯ, ನಾನು ‘ಆಯ್ತು’ ಅಂತೀನಿ, ಅಲ್ಲಿಗೆ ಎಲ್ಲ ಮುಗಿಯುತ್ತದೆ. ಏಳನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಸಾಲಾಗಿ ಕೂರಿಸಿ ಮನೆಗೆ ಕಾಗದ ಬರೆಸುತ್ತಿದ್ದರಲ್ಲ, ವಾರ್ಡನ್ ಓದಿ ನೋಡುತ್ತಿದ್ದರಿಂದ ಅವುಗಳಲ್ಲಿ ‘ನಾನು ಕ್ಷೇಮ’ ಎಂಬುದು ಬಿಟ್ಟರೆ ಮತ್ತೇನೂ ಇರುತ್ತಿರಲಿಲ್ಲ. ಇದನ್ನು ಯಾರೂ ಓದಿಲ್ಲ. ಕನ್ನಡ ತಪ್ಪಿದ್ದರೆ ನಗಬೇಡ, ಅರ್ಧ ಯೋಚನೆ ಇಂಗ್ಲಿಷಿನಲ್ಲೇ ಬರುತ್ತದೆ, ಅದನ್ನು ಹಿಡಿದು ತಿರುಗಿಸಿ ಬರೆಯುವಷ್ಟರಲ್ಲಿ ಬೆವರು ಬರುತ್ತದೆ.

ನಿನ್ನ ಬಲಭುಜ ಹೇಗಿದೆ? ಬಿಸಿನೀರಿನ ಚೀಲ ಭುಜದ ಮೇಲೆ ಇಟ್ಟುಕೊಳ್ಳುತ್ತಿದ್ದೀಯೋ, ಅಥವಾ ಯಥಾಪ್ರಕಾರ ಅದನ್ನು ಯೀಸ್ಟ್ ಡಬ್ಬಿಗೆ ಸುತ್ತಿ ಡಬ್ಬಿಯನ್ನೇ ಬೆಚ್ಚಗಿಡುತ್ತಿದ್ದೀಯೋ? ಡ್ರಮ್ ಮಾಮನ ಕೆಮ್ಮು ಕಡಿಮೆಯಾಯಿತಾ? ಬ್ರೂವರಿಯಲ್ಲಿ ಬಿಯರಿಗೆ ಮಾಲ್ಟ್ ಧಾನ್ಯ ಪುಡಿ ಮಾಡುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲು ಹೇಳು. ‘ಇಪ್ಪತ್ತು ವರ್ಷದಿಂದ ಇದೇ ಧೂಳು ತಿಂದು ಬದುಕಿದೀನಿ, ಈಗ ಬಿಟ್ರೆ ಹಸಿವಾಗುತ್ತೆ’ ಎಂದು ಅವರು ಹೇಳಿದರೆ ಕೇಳಿಸಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಅಂದರೆ ಉಗುರು ಕಚ್ಚುವುದು ಮತ್ತೆ ಶುರುವಾಗಿದೆ, ಅಷ್ಟೇ. ಪಕ್ಕದ ಮಂಚದವಳು ‘ನೀನು ಬೆರಳು ಮುಗಿಸಿ ಮೊಣಕೈಗೆ ಬಂದಾಗ ಹೇಳು, ಡಾಕ್ಟರ್ ಹತ್ರ ಹೋಗೋಣ’ ಅಂತ ಗೇಲಿ ಮಾಡುತ್ತಾಳೆ.

ಈಗ ವಿಷಯ. ಹೋದ ತಿಂಗಳು ನಿನಗೆ ನಾನೊಂದು ಪ್ರಾಜೆಕ್ಟ್ ಕಳಿಸಿದ್ದೆನಲ್ಲ, ‘ಮುಂದಿನ ಐದು ವರ್ಷಗಳಲ್ಲಿ ಕ್ರಾಫ್ಟ್ ಬಿಯರ್ ಮಾರುಕಟ್ಟೆ’ ಅಂತ, ಹದಿನಾಲ್ಕು ಪುಟ, ಬಣ್ಣದ ಗ್ರಾಫ್ ಬೇರೆ. ಮಾರ್ಕೆಟಿಂಗ್ ಮೇಡಂ ಅದಕ್ಕೆ ಕ್ಲಾಸಿಗೇ ಹೆಚ್ಚು ಅಂಕ ಕೊಟ್ಟಿದ್ದರು, ನಾನು ಉಬ್ಬಿಹೋಗಿದ್ದೆ. ಇಂಥ ಬಿಯರ್ ಮಾಡುವ ಸಣ್ಣ ಬ್ರೂವರಿಗಳ ಕಾಲ ಮುಗಿಯುತ್ತಾ ಬಂತು, ಒಳ್ಳೆಯ ಬೆಲೆ ಬಂದಾಗ ದೊಡ್ಡ ಕಂಪನಿಗೆ ಮಾರಿಬಿಡುವುದೇ ಜಾಣತನ ಎಂದು ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ನಮ್ಮ ಬ್ರೂವರಿಯನ್ನೇ ಒಂದು ಕಂಪನಿಯವರು ಕೇಳುತ್ತಿದ್ದಾರೆಂದು ನನಗೆ ಆಗ ಗೊತ್ತಿರಲಿಲ್ಲ, ದೇವರಾಣೆ. ಮೊನ್ನೆ ನೀನು ಫೋನಿನಲ್ಲಿ, ಅದೂ ಯಾವುದೋ ಹಳೇ ಕುರ್ಚಿ ಮಾರಿದ ಹಾಗೆ, ‘ಓದಿದವಳು ನೀನೇ ಅಷ್ಟು ಲೆಕ್ಕ ಹಾಕಿ ಹೇಳಿದ ಮೇಲೆ ನಂದೇನಿದೆ, ಬರೋ ಶುಕ್ರವಾರ ಸಹಿ ಹಾಕ್ತೀನಿ’ ಅಂದೆ. ಅವರು ನಮ್ಮ ಲೇಬಲ್ ಇಟ್ಟುಕೊಂಡು ಬಿಯರ್ ಹುದುಗಿಸುವ ಎರಡೂ ಟ್ಯಾಂಕ್ ಕಿತ್ತುಹಾಕುತ್ತಾರಂತೆ, ಬಿಯರ್ ಅವರ ಕಾರ್ಖಾನೆಯಲ್ಲೇ ತಯಾರಾಗುತ್ತದಂತೆ. ನಾನು ಆಗಲೂ ‘ಆಯ್ತು’ ಅಂದೆ. ಹಾಗೆ ಅನ್ನಬಾರದಿತ್ತು. ಏಕೆಂದರೆ ಆ ಪ್ರಾಜೆಕ್ಟ್ ತಪ್ಪು, ಅಮ್ಮಾ. ಸಣ್ಣಪುಟ್ಟ ತಪ್ಪಲ್ಲ, ಬುಡವೇ ತಪ್ಪು.

ಹೇಗೆಂದು ಹೇಳುತ್ತೇನೆ. ಅಪ್ಪ ಹೋದ ಮೇಲೆ ನೀನು ಒಬ್ಬಳೇ ಬ್ರೂವರಿ ನೋಡಿಕೊಳ್ಳಬೇಕಾಗಿ ನನ್ನನ್ನು ಹಾಸ್ಟೆಲಿಗೆ ಸೇರಿಸಿದೆಯಲ್ಲ, ರಜೆಗೆ ಮನೆಗೆ ಬಂದಾಗಲೆಲ್ಲ ನಾನು ಮಹಡಿಯ ಕಿಟಕಿಯಲ್ಲಿ ಕೂತು ಕೆಳಗಿನ ಬಾಗಿಲಿಗೆ ಎಷ್ಟು ಜನ ಬರುತ್ತಾರೆಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದೆ. ನಾಲ್ಕು ಗೀಟು, ಅಡ್ಡ ಒಂದು. ಅಂಥ ಹತ್ತು ನೋಟ್‌ಬುಕ್ ನನ್ನ ಟ್ರಂಕಿನಲ್ಲಿವೆ. ಪ್ರಾಜೆಕ್ಟಿಗೆ ನಾನು ಬಳಸಿದ್ದು ಅವನ್ನೇ. ವರ್ಷದಿಂದ ವರ್ಷಕ್ಕೆ ಗೀಟು ಕಡಿಮೆಯಾಗುತ್ತಾ ಹೋಗಿದ್ದು ಕಂಡು, ಗಿರಾಕಿ ಕಡಿಮೆಯಾಗುತ್ತಿದ್ದಾರೆ, ಮಾರುಕಟ್ಟೆ ಬಿದ್ದುಹೋಗುತ್ತಿದೆ ಎಂದು ಬರೆದುಬಿಟ್ಟೆ. ಈ ತಿಂಗಳು ಮೇಡಂ ಎರಡನೇ ಭಾಗಕ್ಕೆ ಇಡೀ ವರ್ಷದ ಲೆಕ್ಕ ಬೇಕು ಎಂದರು. ನಿನ್ನನ್ನು ಕೇಳಲು ಹೆದರಿ ಡ್ರಮ್ ಮಾಮನನ್ನು ಕೇಳಿದೆ. ಅವರು ಟ್ಯಾಂಕ್ ಪುಸ್ತಕದ ಪುಟಗಳನ್ನೆಲ್ಲ, ಯಾವ ದಿನ ಯಾವ ಟ್ಯಾಂಕಿಗೆ ಹೊಸ ಬ್ಯಾಚ್ ಹಾಕಿದರು, ಯಾವ ದಿನ ಖಾಲಿಯಾಯಿತು ಎಂದು ನೀನು ಬರೆದಿಡುತ್ತೀಯಲ್ಲ ಅದನ್ನು, ಫೋಟೋ ತೆಗೆದು ಕಳಿಸಿದರು. ಅರ್ಧ ಫೋಟೋಗಳಲ್ಲಿ ಅವರ ಹೆಬ್ಬೆರಳೇ ಇದೆ.

ಅದನ್ನು ಗ್ರಾಫಿಗೆ ಇಳಿಸಿ ಮೇಡಂಗೆ ತೋರಿಸಿದೆ. ಗೆರೆ ಚೆನ್ನಾಗಿ ಮೇಲಕ್ಕೆ ಹೋಗುತ್ತದೆ, ಇದ್ದಕ್ಕಿದ್ದಂತೆ ಗುಂಡಿಗೆ ಬೀಳುತ್ತದೆ, ಮತ್ತೆ ಏಳುತ್ತದೆ. ವರ್ಷಕ್ಕೆ ಮೂರು ಗುಂಡಿ, ಪ್ರತಿ ವರ್ಷ, ಅದೇ ಹೊತ್ತಿಗೆ. ಮೇಡಂ ಕನ್ನಡಕ ಮೂಗಿನ ತುದಿಗಿಳಿಸಿ, ‘ಇದೇನಮ್ಮ, ನಿಮ್ಮ ಊರಲ್ಲಿ ವರ್ಷಕ್ಕೆ ಮೂರು ಸಲ ಜನಕ್ಕೆ ಬಾಯಾರಿಕೇನೇ ಆಗಲ್ವಾ?’ ಅಂದರು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಕೋಣೆಗೆ ಬಂದು ತಾರೀಕು ನೋಡಿದೆ. ಮೂರು ಗುಂಡಿಯೂ ನನ್ನ ರಜೆಗಳು. ಆ ತಾರೀಕುಗಳ ಫೋಟೋ ದೊಡ್ಡದು ಮಾಡಿ ನೋಡಿದರೆ ಅಂಚಿನಲ್ಲಿ ನಿನ್ನ ಅಕ್ಷರ: ‘ಗುಬ್ಬಿ ಬರ್ತಾಳೆ. ಹೊಸದು ಹಾಕೋದು ಬೇಡ.’ ಒಂದು ಸಲವಲ್ಲ, ಹನ್ನೊಂದು ವರ್ಷ, ಪ್ರತಿ ರಜೆಗೂ. ಮೊದಮೊದಲು ಒಂದು ಟ್ಯಾಂಕ್ ಖಾಲಿ ಬಿಟ್ಟಿದ್ದೀಯ, ನಾನು ಹತ್ತನೇ ಕ್ಲಾಸಿಗೆ ಬಂದ ಮೇಲೆ ಎರಡನ್ನೂ. ಬ್ಯಾಚ್ ಹಾಕಿದರೆ ಹಗಲೂ ರಾತ್ರಿ ಅದರ ಹಿಂದೆಯೇ ಇರಬೇಕು, ನನ್ನ ಜೊತೆ ಇರಲಾಗುವುದಿಲ್ಲ ಅಂತ ತಾನೇ? ಮಾಮನಿಗೆ ಫೋನ್ ಮಾಡಿದೆ. ‘ಅಯ್ಯೋ, ನಿಂಗೆ ಗೊತ್ತಿರ್ಲಿಲ್ವಾ? ಬಾಗ್ಲಿಗೆ ಬೋರ್ಡ್ ಹಾಕಿ ಬಂದೋರನ್ನ ವಾಪಸ್ ಕಳಿಸೋದೇ ನನ್ನ ಕೆಲ್ಸ ಆಗಿತ್ತು, ಬೈಸ್ಕೊಂಡಿದ್ದೂ ನಾನೇ’ ಅಂದರು. ಅಂದರೆ ಗಿರಾಕಿ ಬರುತ್ತಿರಲಿಲ್ಲವೆಂದಲ್ಲ, ಬಿಯರ್ ಇರುತ್ತಿರಲಿಲ್ಲ. ಬಿಯರ್ ಇರದಿದ್ದುದು ನಾನಿದ್ದೆ ಎಂಬ ಕಾರಣಕ್ಕೆ. ನಾನು ಮಾತ್ರ ಮೇಲೆ ಕಿಟಕಿಯಲ್ಲಿ ಕೂತು ಗೀಟು ಎಣಿಸಿ ನಮ್ಮ ಬ್ರೂವರಿ ಮುಳುಗುತ್ತಿದೆ ಎಂದು ತೀರ್ಮಾನಿಸಿದೆ. ಹಾಸ್ಟೆಲಿನ ಮಕ್ಕಳು ಮಾತ್ರ ಮಾಡುವ ತಪ್ಪು ಇದು. ನಮಗೆ ಮನೆ ಅಂದರೆ ರಜೆಯಲ್ಲಿ ಕಂಡ ಮನೆ, ಉಳಿದ ದಿನ ಅಲ್ಲಿ ಏನು ನಡೆಯುತ್ತದೆ ಅಂತ ನಮಗೆ ಏನು ಗೊತ್ತು?

ಈಗ ಗುಂಡಿಗಳನ್ನು ತೆಗೆದುಹಾಕಿ ಮತ್ತೆ ಲೆಕ್ಕ ಹಾಕಿದ್ದೇನೆ. ಬರೀ ಪುಸ್ತಕದಿಂದಲ್ಲ, ಈ ಸಲ ಕಾಲೇಜಿನ ಹಿಂದಿನ ಬೀದಿಯ ಸಣ್ಣ ಬ್ರೂವರಿಯ ಮುಂದೆ ಎರಡು ಶನಿವಾರ ಸಂಜೆ ನಿಂತು ಜನರನ್ನೇ ಕೇಳಿದೆ. ಮೊದಲ ಪ್ರಶ್ನೆಗೇ ತೊದಲಿದೆ, ಆದರೂ ಐವತ್ತೆರಡು ಜನ ಉತ್ತರ ಕೊಟ್ಟರು. ಒಬ್ಬ ಬಸ್ ಡ್ರೈವರ್ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ: ‘ಮೊದ್ಲು ನಾಲ್ಕು ಕುಡೀತಿದ್ದೆ, ಯಾವ್ದು ಅಂತಾನೂ ನೋಡ್ತಿರ್ಲಿಲ್ಲ. ಈಗ ಒಂದೇ. ಒಂದೇ ಅಂದ್ಮೇಲೆ ಚೆನ್ನಾಗಿರ್ಬೇಕಲ್ವಾ?’ ನನ್ನ ಹೊಸ ಭವಿಷ್ಯವಾಣಿಯ ಮುಕ್ಕಾಲು ಭಾಗ ಈ ಮಾತೇ. ಜನ ಕುಡಿಯುವುದು ಕಡಿಮೆಯಾಗುತ್ತದೆ, ಆರಿಸುವುದು ಹೆಚ್ಚಾಗುತ್ತದೆ. ಕುಡಿದು ಬಂದರೆ ನಾಳೆ ಕೆಲಸಕ್ಕೆ ಹೋಗಲಾಗದು ಎನ್ನುವವರು ಕಡಿಮೆ ಮತ್ತಿನದ್ದನ್ನು ಕೇಳುತ್ತಾರೆ. ಬಿಯರಿಗೆ ಚಾಕೊಲೇಟು, ಮೆಣಸಿನಕಾಯಿ, ಸಿಕ್ಕಿದ್ದನ್ನೆಲ್ಲ ಸುರಿದು ವಾರಕ್ಕೊಂದು ಹೊಸ ಲೇಬಲ್ ಅಂಟಿಸುವವರಲ್ಲಿ ಬಹಳ ಮಂದಿ ಬಾಗಿಲು ಹಾಕುತ್ತಾರೆ, ಅದು ನಿಜ. ಆದರೆ ನಡೆದು ಬರುವಷ್ಟು ದೂರದವರಿಗೆ, ಯಾರು ಮಾಡಿದ್ದು ಎಂದು ಮುಖ ನೋಡಿ ತಿಳಿಯುವಂತೆ, ಎರಡು ಮೂರು ಬಗೆಯನ್ನು ಪ್ರತಿ ಸಲವೂ ಒಂದೇ ರುಚಿಯಲ್ಲಿ ಕೊಡುವವರು ಉಳಿಯುತ್ತಾರೆ. ಉಳಿಯುವುದಷ್ಟೇ ಅಲ್ಲ, ನಿಧಾನಕ್ಕೆ ಬೆಳೆಯುತ್ತಾರೆ. ಅಷ್ಟು ಗುಂಡಿ ಬಿದ್ದೂ ನಿನ್ನ ಗೆರೆ ಹನ್ನೊಂದು ವರ್ಷದಿಂದ ಮೇಲಕ್ಕೇ ಹೋಗಿದೆ, ಅಮ್ಮಾ. ಕಂಪನಿಯವರಿಗೆ ಇದು ಗೊತ್ತು, ಅದಕ್ಕೇ ಕೇಳುತ್ತಿದ್ದಾರೆ. ಬೇಡವಾದದ್ದನ್ನು ಯಾರಾದರೂ ಮನೆ ಬಾಗಿಲಿಗೆ ಬಂದು ಕೇಳುತ್ತಾರಾ? ಹೊಸ ಗ್ರಾಫನ್ನು ಇದರ ಜೊತೆ ಇಟ್ಟಿದ್ದೇನೆ. ಐದು ವರ್ಷದ್ದನ್ನು ಕರಾರುವಾಕ್ಕಾಗಿ ಹೇಳಲು ನನ್ನಿಂದಾಗದು, ಮೇಡಂನಿಂದಲೂ ಆಗದು. ಆದರೆ ಹೋದ ಸಲ ಹೇಳಿದ್ದು ಸುಳ್ಳೆಂದು ಮಾತ್ರ ಖಂಡಿತ ಹೇಳಬಲ್ಲೆ.

ಮೇಡಂಗೆ ನನ್ನ ತಪ್ಪನ್ನು ನಾನೇ ಹೋಗಿ ಹೇಳಿದೆ, ಅಂಕ ಹೋದರೂ ಹೋಗಲಿ ಅಂತ. ಅವರು ಬೈಯಲಿಲ್ಲ. ‘ಇದನ್ನ ಮೊದ್ಲು ನಿಮ್ಮಮ್ಮನಿಗೆ ಹೇಳು, ಆಮೇಲೆ ನಂಗೆ ಬರ್ಕೊಡು’ ಅಂದರು. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಕೊರಿಯರ್‌ನವರು ಮಂಗಳವಾರ ತಲುಪಿಸುತ್ತೇವೆ ಎಂದಿದ್ದಾರೆ. ಭುಜಕ್ಕೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾಮನಿಗೆ ನನ್ನ ನಮಸ್ಕಾರ ಹೇಳು, ಮುಂದಿನ ಸಲ ಹೆಬ್ಬೆರಳು ಪಕ್ಕಕ್ಕಿಟ್ಟು ಫೋಟೋ ತೆಗೆಯಲೂ ಹೇಳು.

ನಿನ್ನ ಕಾಲಿಗೆ ಬೀಳುವ,
ನಿನ್ನ ಗುಬ್ಬಿ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ, ಕೆಳಗೆ ಪಕ್ಕದ ಮಂಚದವಳು ಸೈಕಲ್ ಹಿಡಿದು ಕೂಗುತ್ತಿದ್ದಾಳೆ. ಆ ಕೊನೆಯ ಪುಟದಲ್ಲಿ ‘ಮಾರಿಬಿಡುವುದೇ ಜಾಣತನ’ ಅಂತ ಬರೆದೆನಲ್ಲ, ಅದು ಬರೀ ಗೀಟು ಎಣಿಸಿ ಬರೆದಿದ್ದಲ್ಲ. ಆ ಟ್ಯಾಂಕುಗಳಿಂದಾಗಿಯೇ ನೀನು ನನ್ನನ್ನು ದೂರ ಇಟ್ಟೆ ಎಂದು ಚಿಕ್ಕಂದಿನಿಂದ ನನಗೆ ಅವುಗಳ ಮೇಲೆ ಸಿಟ್ಟಿತ್ತು. ಅವು ಹೋದರೆ ಒಳ್ಳೆಯದು ಎಂದು ನನ್ನ ಮನಸ್ಸಿಗೇ ಬೇಕಿತ್ತು, ಅದಕ್ಕೇ ಲೆಕ್ಕವನ್ನು ಇನ್ನೊಮ್ಮೆ ನೋಡಲಿಲ್ಲ. ನನ್ನನ್ನು ಕ್ಷಮಿಸು. ಭುಜ ನೋಯುತ್ತದೆ, ಸಾಕಾಗಿದೆ ಎಂದು ನಿನಗೇ ಅನಿಸಿದರೆ ಖಂಡಿತ ಮಾರು, ನಾನು ಒಂದು ಮಾತೂ ಆಡುವುದಿಲ್ಲ. ಆದರೆ ನಾನು ಹೇಳಿದೆ ಅಂತ ಸಹಿ ಹಾಕಬೇಡ. ಡಿಸೆಂಬರ್ ಇಪ್ಪತ್ತಕ್ಕೆ ನನಗೆ ರಜೆ. ಈ ಸಲ ಎರಡು ಟ್ಯಾಂಕಿಗೂ ಹೊಸ ಬ್ಯಾಚ್ ಹಾಕು, ನಾನು ಕಿಟಕಿಯಲ್ಲಿ ಕೂರುವುದಿಲ್ಲ, ಕೆಳಗೆ ನಿನ್ನ ಜೊತೆ ಇರುತ್ತೇನೆ, ಕಲಕುವ ಕೆಲಸ ನನಗೆ ಬಿಡು. ಏನು ನಿರ್ಧಾರ ಮಾಡಿದೆ ಅಂತ ಶುಕ್ರವಾರದೊಳಗೆ ಒಂದೇ ಸಾಲಾದರೂ ಸರಿ, ದಯವಿಟ್ಟು ಬೇಗ ತಿಳಿಸು.