ಜೀನಿನ ಮೇಲೇ ಕೂತಿದ್ದೆ

ಅಕ್ಕಾ,

ಗಾಬರಿಯಾಗಬೇಡ, ಆಸ್ಪತ್ರೆಯ ತುರ್ತು ವಿಭಾಗದಿಂದ ಬರೆಯುತ್ತಿದ್ದೇನೆ. ಇಲ್ಲಿ ಗುಡ್ಡ ಹತ್ತಿ ಕೆಲಸಕ್ಕೆ ಹೋಗಲು ಕುದುರೆಯೇ ಗತಿ. ಜೀನಿನ ಪಟ್ಟಿ ಬಿಗಿಯುವಾಗ ಆ ಕಳ್ಳ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿತ್ತಂತೆ. ಸ್ವಲ್ಪ ದೂರ ಹೋಗಿ ಉಸಿರು ಬಿಟ್ಟಿತು ನೋಡು, ಜೀನು ಸಡಿಲಾಗಿ, ನನ್ನ ಸಮೇತ ಅದರ ಹೊಟ್ಟೆಯ ಕೆಳಗೆ ತಿರುಗಿತು.

"ಕುದುರೆ ಮೇಲಿಂದ ಬಿದ್ರಾ?" ಎಂದರು ಡಾಕ್ಟರು.

"ಇಲ್ಲ ಸಾರ್, ಜೀನಿನ ಮೇಲೇ ಕೂತಿದ್ದೆ. ಕುದುರೆ ನನ್ನ ಮೇಲಿತ್ತು."

"ಪೆಟ್ಟು ತಲೆಗೇ ಬಿದ್ದಿದೆ," ಎಂದು ಸ್ಕ್ಯಾನಿಗೆ ಕಳಿಸಿದರು. ಬಂದವರೆಲ್ಲ ನನ್ನ ಹೆಸರು ಕೇಳುತ್ತಾರೆ. ಹೇಳಿ ಹೇಳಿ ಈಗ ನನಗೇ ಅನುಮಾನ. ಊದಿಕೊಂಡ ಬಲಗೈಯನ್ನು ಇನ್ನೂ ಯಾರೂ ನೋಡಿಲ್ಲ.

ಇದನ್ನು ಎಡಗೈಯಲ್ಲಿ ಗೀಚಿದ್ದೇನೆ. ಅಕ್ಷರ ನೋಡಿ ನೀನೂ ಪೆಟ್ಟು ತಲೆಗೇ ಅಂದುಕೊಳ್ಳಬೇಡ.

ನಿನ್ನ ತಮ್ಮ