ಎಮರೆನ್ಸಿಯಾ ಓದಿದ ಪುಟಗಳು

ಬೂಪಾರಿ
ಫೆಬ್ರವರಿ ೯

ನನ್ನ ಪುಲ್ಕೇರಿಯಾ,

ನೀನೂ ನಿನ್ನ ಅಣ್ಣನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಹಾರ್ಮಟಾನ್ ಒಣಗಾಳಿ ಎದ್ದಿದೆ, ತುಟಿಗಳೆಲ್ಲ ಒಡೆದಿವೆ. ನಿಧಾನವಾಗಿಯಾದರೂ ನೀನು ಓದಬಲ್ಲೆ, ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಬೇರೆಯವರ ಕೈಯಲ್ಲಿ ಓದಿಸಬೇಡ.

ನಿನ್ನ ಮಗಳು ಎಮರೆನ್ಸಿಯಾಳನ್ನು ಮಣ್ಣು ಮಾಡಿದ ಮೇಲೆ ನೀನು ಕುಮಾಸಿಗೆ, ಅಣ್ಣನ ಮನೆಗೆ ಹೊರಟುಹೋದೆ. ನಿನ್ನನ್ನು ಬಸ್ಸು ಹತ್ತಿಸಲೂ ನಾನು ಬರಲಿಲ್ಲ. ಜ್ವರವೆಂದು ಹೇಳಿ ಕಳಿಸಿದ್ದೆ. ನನಗೆ ಜ್ವರವಿರಲಿಲ್ಲ.

ಈ ಶಾಲಾವರ್ಷದಲ್ಲಿ ಸಿಸ್ಟರ್ ಬೋನಿಫಾಸಿಯಾ ಶಾಲೆಯಲ್ಲಿ ಓದುವ ಹೊತ್ತು ಎಂದು ಶುರು ಮಾಡಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಗಂಟೆ ಹೊಡೆದರೆ ಅರ್ಧ ತಾಸು ಎಲ್ಲರೂ ಓದಬೇಕು. ಅಡುಗೆಯ ಲಿಯೋನಿಡಾ ಕೂಡ ಸೌಟು ಕೆಳಗಿಟ್ಟು ಸಂತರ ಚಿತ್ರಪುಸ್ತಕ ಹಿಡಿಯಬೇಕು. "ಗಂಟೆ ಹೊಡೆದ ಮೇಲೆ ಓದದೆ ಇರೋ ಹಕ್ಕು ಈ ಅಂಗಳದ ಹುಂಜಕ್ಕೂ ಇಲ್ಲ" ಅಂತಾರೆ ಸಿಸ್ಟರ್. ಅದಕ್ಕಾಗಿ ನನ್ನ ತರಗತಿಯ ಗಾಜಿನ ಬೀರುವಿನ ಬೀಗ ತೆಗೆಸಿದರು. ಧರ್ಮಪ್ರಾಂತ್ಯದಿಂದ ಬಂದ ಅರವತ್ತು ಪುಸ್ತಕಗಳು ಅದರಲ್ಲಿದ್ದವು, ಎಲ್ಲವೂ ನಮ್ಮದೇ ದಗಾರೆ ಭಾಷೆಯವು. ಬಿಷಪ್ ಬರುವ ತನಕ ಹೊಸದಾಗಿಯೇ ಇರಲಿ ಎಂದು ಎರಡು ವರ್ಷ ನಾನೇ ಬೀಗ ಹಾಕಿಟ್ಟಿದ್ದೆ.

ಮೂರನೆಯ ವಾರದಲ್ಲಿ, ಪುಸ್ತಕಗಳನ್ನು ಜೋಡಿಸಿಡುವಾಗ ಒಂದರಲ್ಲಿ ಕಲೆ ಕಂಡೆ. ಕಳೆದುಹೋದ ಗಿನಿಕೋಳಿಯನ್ನು ಹುಡುಕುತ್ತ ನದಿ ದಾಟಲು ಹೊರಟ ಹುಡುಗಿಯ ಕಥೆ ಅದು, ನಲವತ್ತನಾಲ್ಕು ಪುಟ. ಏಳನೆಯ ಪುಟದ ಕೆಳಮೂಲೆಯಲ್ಲಿ ಒಂದು ಪುಟ್ಟ ಹೆಬ್ಬೆರಳಿನ ಜಿಡ್ಡಿನ ಗುರುತು. ಹಿಂದಿನ ಆರೂ ಪುಟಗಳಲ್ಲಿ ಅದೇ ಗುರುತು. ಮೂಗಿನ ಹತ್ತಿರ ಹಿಡಿದೆ. ಷಿಯಾ ಬೀಜದ ಬೆಣ್ಣೆ.

ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ನೋಡಿ ಬೈದೆ. ಆ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಜಡಿದು, ಬೀಗದಕೈಯನ್ನು ಜಪಮಾಲೆಯ ಜೊತೆ ಕೊರಳಿಗೆ ಕಟ್ಟಿಕೊಂಡೆ. ಮಾರನೆಯ ದಿನ ಓದುವ ಹೊತ್ತು ಮುಗಿದ ಮೇಲೆ ತೆಗೆದು ನೋಡಿದರೆ ಎಂಟನೆಯ ಪುಟಕ್ಕೆ ಗುರುತು ಬಿದ್ದಿತ್ತು. ಅದರ ಮಾರನೆಯ ದಿನ ಒಂಬತ್ತನೆಯದಕ್ಕೆ. ದಿನಕ್ಕೆ ಒಂದೇ ಪುಟ. ಶನಿವಾರ ಭಾನುವಾರ ಇಲ್ಲ.

ಸಿಸ್ಟರಿಗೆ ಹೇಳಿದೆ. ಅವರು ನಕ್ಕು, "ಕೊಡಿ ಇಲ್ಲಿ" ಎಂದು ಇಸಿದುಕೊಂಡು, ಅರ್ಧ ತಾಸು ನನ್ನ ತರಗತಿಯಲ್ಲೇ ಕೂತರು. ಪುಸ್ತಕ ಮುಚ್ಚಿ ಅವರ ತೊಡೆಯ ಮೇಲಿತ್ತು, ಮೇಲೆ ಅವರ ಎರಡೂ ಕೈ. ಹಾಳೆ ತಿರುವುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಗಂಟೆ ಹೊಡೆದಾಗ ತೆರೆದರು. ಹದಿನೈದನೆಯ ಪುಟದ ಮೂಲೆಯಲ್ಲಿ ಬೆಣ್ಣೆ ಇನ್ನೂ ಹಾಳೆಗೆ ಇಳಿಯದೆ ಹೊಳೆಯುತ್ತಿತ್ತು. ಸಿಸ್ಟರ್ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಮೆಲ್ಲಗೆ, "ಓದ್ತಿರೋ ಮಗುವನ್ನ ಯಾರೂ ಎಬ್ಬಿಸಬೇಡಿ" ಎಂದರು.

ಅದು ಯಾರೆಂದು ನಾನು ಹೇಳಿರಲಿಲ್ಲ. ಮಕ್ಕಳಿಗೆ ಆಗಲೇ ಗೊತ್ತಿತ್ತು. ಎರಡನೆಯ ಬೆಂಚಿನಲ್ಲಿ ಎಮರೆನ್ಸಿಯಾಳ ಜಾಗ ಬಿಟ್ಟು ಕೂರತೊಡಗಿದ್ದರು. ಅವು ಹೆದರಲಿಲ್ಲ, ಪುಲ್ಕೇರಿಯಾ! ಆ ಪುಸ್ತಕದ ಇನ್ನೂ ಐದು ಪ್ರತಿ ಇದ್ದವು, ಅದಕ್ಕೆ ಕಿತ್ತಾಟ. ಅಕ್ಷರ ಕೂಡಿಸಲು ಒದ್ದಾಡುತ್ತಿದ್ದ ಥೆಕ್ಲಾ ಓಡಿಬಂದು, "ಟೀಚರ್, ಅವಳು ಇಪ್ಪತ್ತರಲ್ಲಿ ಇದಾಳೆ, ನಾನಿನ್ನೂ ಹದಿನೆಂಟು! ಇವತ್ತೊಂದಿನ ಮನೆಗೆ ಕೊಡಿ" ಎಂದು ಗೋಗರೆದಳು. ಕೊಟ್ಟೆ. ಅವಳ ಕೈ ನೋಡಲಿಲ್ಲ.

ಈಗ ಹೇಳಲೇಬೇಕು. ಎಮರೆನ್ಸಿಯಾ ಇದೇ ಪುಸ್ತಕವನ್ನು ಗಾಜಿನಾಚೆಯಿಂದ ನೋಡಿ ನನ್ನನ್ನು ಕೇಳಿದ್ದಳು. ಬೆಳಿಗ್ಗೆ ನಿನ್ನ ಜೊತೆ ಬೆಣ್ಣೆ ಕಡೆದು ಹಾಗೇ ಶಾಲೆಗೆ ಬರುತ್ತಿದ್ದಳಲ್ಲ. "ಆ ಕೈಯಲ್ಲಾ? ತೊಳೆದು ಬಾ" ಎಂದೆ. ಬೂದಿ ಹಾಕಿ ಉಜ್ಜಿ, ಕೈ ಕೆಂಪಗೆ ಮಾಡಿಕೊಂಡು ಬಂದಳು. ನಾನು ಮೂಸಿ ನೋಡಿ, "ಇನ್ನೂ ವಾಸನೆ ಇದೆ, ನಾಳೆ ನೋಡೋಣ" ಎಂದೆ. ಉಳಿದವರು ನಕ್ಕರು. ನಾನೂ ನಕ್ಕೆ. ಆ ಸಂಜೆಯೇ ಅವಳಿಗೆ ಜ್ವರ ಏರಿ ಕುತ್ತಿಗೆ ಸೆಟೆದುಕೊಂಡಿತು. ಆ ಜ್ವರ ಅವಳನ್ನು ಹೇಗೆ ಕೊಂಡೊಯ್ದಿತೆಂದು ನಿನಗೆ ನಾನು ಹೇಳಬೇಕಿಲ್ಲ.

ಊರಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಕಳೆದ ತಿಂಗಳ ಕೊನೆಗೆ ತಾಯಂದಿರು ಗುಂಪಾಗಿ ಬಂದರು, ಉಪದೇಶಿ ಗೆರ್ವಾಸ್ ಮುಂದೆ. "ಸತ್ತೋರ ಪಕ್ಕ ಕೂರಿಸಿ ನಮ್ಮ ಮಕ್ಕಳಿಗೆ ಓದಿಸ್ತೀರೇನ್ರೀ?" ಎಂದು ಒಬ್ಬಳು ಕೂಗಾಡಿದಳು. ಗೆರ್ವಾಸ್ ಬೆಂಚಿಗೂ ಬೀರುವಿಗೂ ತೀರ್ಥ ಚಿಮುಕಿಸಿದ. ಮರುದಿನ ಅರ್ಧ ಬೆಂಚುಗಳು ಖಾಲಿ. ಓದುವ ಹೊತ್ತನ್ನೇ ನಿಲ್ಲಿಸಿಬಿಡಿ ಎಂದು ಫಾದರ್ ಹೇಳಿಕಳಿಸಿದರು. ಸಿಸ್ಟರ್ ಒಂದು ವಾರದ ಗಡುವು ಕೇಳಿದರು.

ಆ ವಾರದಲ್ಲಿ ನಿನ್ನ ಮಗಳು ಪುಸ್ತಕ ಮುಗಿಸಿದಳು. ನಲವತ್ತನಾಲ್ಕನೆಯ ಪುಟದ ಗುರುತನ್ನು ನಾನೇ ತಾಯಂದಿರಿಗೆ ತೋರಿಸಿ, "ಓದಿ ಆಯ್ತು, ನೆಮ್ಮದಿಯಿಂದ ಹೋದಳು" ಎಂದೆ. ಗೆರ್ವಾಸ್ ಶಿಲುಬೆಯ ಗುರುತು ಹಾಕಿಕೊಂಡು ಅತ್ತುಬಿಟ್ಟ. ಅವಳಿಗಾಗಿ ಪೂಜೆ ಮಾಡಿಸಿದೆವು. ಮಕ್ಕಳು ವಾಪಸಾದರು. ಈಗ ಬೀರುವಿಗೆ ಬೀಗವಿಲ್ಲ. ಸಂಜೆ ಕಾಲುದಾರಿಯಲ್ಲಿ ಓದುತ್ತಾ ನಡೆದು ಎಡವುವ ಮಕ್ಕಳನ್ನು ನೋಡಿದರೆ ನೀನು ನಗುತ್ತೀಯ.

ಆ ಪುಸ್ತಕವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಕ್ಷಮಿಸು ಎಂದು ಬರೆಯಲು ಮೂರು ಸಲ ಹೊರಟೆ. ಅದನ್ನು ನೀನು ಕೊಡುವುದಾದರೆ ಕೊಡು, ನಾನು ಕೇಳಲಾರೆ.

ನಿನ್ನ ಜೊತೆ ಒಂದೇ ಸ್ಲೇಟಿನಲ್ಲಿ ಅಕ್ಷರ ಕಲಿತ,
ಯೂಲಾಲಿಯಾ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಕೊನೆಯ ಮೂರು ಪುಟಗಳ ಗುರುತು ನನ್ನದು. ತೀರ್ಥ ಹಾಕಿದ ದಿನ ಅವಳು ನಲವತ್ತೊಂದರಲ್ಲೇ ನಿಂತಳು, ಮತ್ತೆ ಬರಲಿಲ್ಲ. ಸಂತೆಯಿಂದ ಬೆಣ್ಣೆ ತಂದು, ಕಿರುಬೆರಳಿಗೆ ಹಚ್ಚಿ ನಾನೇ ಒತ್ತಿದೆ. ಸಿಸ್ಟರಿಗೂ ಗೊತ್ತಿಲ್ಲ. ನಲವತ್ತೊಂದನೆಯ ಪುಟದಲ್ಲಿ ಕಥೆಯ ಹುಡುಗಿ ಇನ್ನೂ ನಡುನೀರಿನಲ್ಲಿ ದೋಣಿಯ ಮೇಲಿದ್ದಾಳೆ, ದಡ ಸೇರಿದಳೋ ಇಲ್ಲವೋ ನಿನ್ನ ಮಗಳಿಗೆ ತಿಳಿಯದು. ಉಳಿದ ಮೂರು ಪುಟಗಳನ್ನು ಅವಳಿಗೆ ನೀನೇ ಗಟ್ಟಿಯಾಗಿ ಓದಿಹೇಳು. ಬೆಣ್ಣೆ ಕಡೆದು ಎದ್ದ ತಕ್ಷಣ ಓದು, ಕೈ ತೊಳೆಯಬೇಡ.