ಹಳದಿ ಬಟ್ಟೆಯ ಇನ್ನೊಂದು ತುದಿ

ನಾನ್ ಪಟ್ಟಣದಿಂದ

ತಂಗಿ ಲಮೈ,

ನಿನ್ನ ಮೊಣಕಾಲು ಹೇಗಿದೆ? ಅಮ್ಮನ ಕೆಮ್ಮು ಇಳಿಯಿತೇ? ನಿನ್ನ ಯಜಮಾನ ಪ್ರಸೋಪನ ಬೆನ್ನುನೋವು ವಾಸಿಯಾಯಿತೇ?

ನಿನ್ನ ಮಗ ಸುಖವಾಗಿದ್ದಾನೆ. ಮಳೆಗಾಲದ ವ್ರತ ಮುಗಿದರೂ ಭಿಕ್ಷುವಿನ ಚೀವರ ಬಿಡುವುದಿಲ್ಲವಂತೆ. ನಿನ್ನೆ ಮುಂಜಾನೆ ಹೊಳೆಯ ಮಂಜು ಬೀದಿ ತುಂಬಿತ್ತು. ಭಿಕ್ಷೆಗೆ ಬಂದವರ ಕಾಲೇ ಕಾಣದೆ ಚೀವರಗಳಷ್ಟೇ ತೇಲಿ ಬರುವ ಹಾಗಿತ್ತು. ಕೊನೆಯವನು ನಮ್ಮವನು. ಅನ್ನ ಹಾಕುತ್ತ ಮೈಮರೆತು ಮನೆಯಲ್ಲಿ ಕರೆಯುವ ಹೆಸರಿನಲ್ಲೇ "ಬಂದ್ಯಾ ಹಂದಿಮರಿ" ಎಂದುಬಿಟ್ಟೆ. ಪಕ್ಕದ ಮನೆಯ ಖಮ್ ಅಜ್ಜಿ ಬಿಡುತ್ತಾಳೆಯೇ? "ಏನೇ ಬುಪ್ಪಾ, ಸ್ವಾಮಿಗಳನ್ನ ಹಂದಿಮರಿ ಅಂತೀಯಲ್ಲೇ. ಮುಂದಿನ ಜನ್ಮದಲ್ಲಿ ನೀನೇ ಹಂದಿಯಾಗ್ತೀಯ. ತೌಡು ನಾನೇ ಹಾಕ್ತೀನಿ ಬಿಡು." ಅವನು ಕಣ್ಣೆತ್ತಲಿಲ್ಲ, ತುಟಿ ಮಾತ್ರ ಅಲುಗಿತು.

ಇಲ್ಲಿಗೆ ಬಂದಾಗ ಅವನನ್ನು ಒಮ್ಮೆ ಅಪ್ಪಿಕೊಳ್ಳಬಹುದೇ ಎಂದು ಕೇಳಿದ್ದೀ. ಹೆಂಗಸರು ಭಿಕ್ಷುವನ್ನು ಮುಟ್ಟುವಂತಿಲ್ಲ, ತಾಯಿಯಾದರೂ ಆಗದು, ಲಮೈ. ನೀನು ನೇಯ್ದ ಹೊದಿಕೆಯನ್ನು ಕೈಗೆ ಕೊಡುವ ಹಾಗೂ ಇಲ್ಲ. ಅವನು ಹಳದಿ ಬಟ್ಟೆಯೊಂದನ್ನು ನಿನ್ನ ಮುಂದೆ ಹಾಸಿ, ತನ್ನ ಕಡೆಯ ತುದಿ ಹಿಡಿದು ಕೂರುತ್ತಾನೆ. ಹೊದಿಕೆಯನ್ನು ಅದರ ಮೇಲಿಡು. ಇಟ್ಟ ಕೈಯನ್ನು ಅವಸರದಲ್ಲಿ ತೆಗೆಯಬೇಡ. ಹೋದ ಹುಣ್ಣಿಮೆಗೆ ಸೋಪು, ಊದಿನಕಡ್ಡಿ ಕೊಟ್ಟಾಗ ನಾನು ಹಾಗೇ ಕೈಯಿಟ್ಟು ಕೂತಿದ್ದೆ. ಅವನೂ ಬಟ್ಟೆ ಎಳೆದುಕೊಳ್ಳದೆ ಕೂತೇ ಇದ್ದ. ಹೊರಗೆ ಮಂಜು ಕರಗುವ ತನಕ ಇಬ್ಬರೂ ಆ ಬಟ್ಟೆ ಬಿಡಲಿಲ್ಲ.

ರಾತ್ರಿ ಬಸ್ಸಿನಲ್ಲಿ ಚಳಿ, ಮೊಣಕಾಲಿಗೆ ಸುತ್ತಿಕೊಳ್ಳಲು ಏನಾದರೂ ತಾ. ಕಾರ್ಡಿನಲ್ಲಿ ಜಾಗ ಮುಗಿಯಿತು. ಯಾವತ್ತು ಹೊರಡುತ್ತೀ ಎಂದು ಬೇಗ ಬರೆ, ಅವನೂ ದಿನಾ ಕೇಳುತ್ತಿದ್ದಾನೆ.

ನಿನ್ನ ಅಕ್ಕ
ಬುಪ್ಪಾ